ಅಕ್ರಿಲಿಕ್ ತಟ್ಟೆಯಲ್ಲಿ ಒಂದು ನಿಮಿಷದ ಸಲಾಂ

ಬೆಳಗ್ಗೆ ಐದೂವರೆ. ನಂತೂರಿನ ನೇಮ್‌ಪ್ಲೇಟ್ ಅಂಗಡಿಯೊಂದರಲ್ಲಿ ಮುಖೇಶ್ ಲೇಸರ್ ಯಂತ್ರದ ಕಾಲುಗಳಡಿ ಹಳೆಯ ಸೈಕಲ್ ಟ್ಯೂಬ್ ಮಡಚಿ ತುರುಕುತ್ತಿದ್ದಾರೆ. ಹೆದ್ದಾರಿಯಲ್ಲಿ ಲಾರಿ ಹೋದರೆ ನೆಲ ನಡುಗುತ್ತದೆ, ಕೊರೆಯುವ ಗೆರೆ ಹಾಳಾಗುತ್ತದೆ. "ಲಾರಿಯೂ ತಟ್ಟೆಯಲ್ಲಿ ಕೂತುಬಿಡ್ತದೆ ಮಾರಾಯ್ರೆ. ಮತ್ತೆ ಮನುಷ್ಯರ ಸ್ವರ ಕೇಳುವುದಾ, ಟ್ರಾಫಿಕ್ ಕೇಳುವುದಾ?" ನನ್ನತ್ತ ತಿರುಗಿ ಕೇಳುತ್ತಾರೆ.

ಹಗಲಿಡೀ ಅವರು ಕೊರೆಯುವುದು ಡಾಕ್ಟರುಗಳ ಹೆಸರು, ಬಹುಮಾನದ ಫಲಕ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವರಿಗೆ ಈಗ ನಲವತ್ತೊಂದು. ಅಂಗಡಿ ತೆರೆಯುವ ಮುಂಚಿನ ಮೂರು ಗಂಟೆ ಮಾತ್ರ ಅವರದು. ಧ್ವನಿಯನ್ನು ಕಂಪ್ಯೂಟರಿನಲ್ಲಿ ಅಲೆಯಾಗಿಸಿ, ಆ ಅಲೆಯನ್ನೇ ಅಕ್ರಿಲಿಕ್ಕಿನ ಮೇಲೆ ಸುತ್ತುಸುತ್ತಾಗಿ ಕೊರೆಯುತ್ತಾರೆ. ಹಳೆಯ ರೆಕಾರ್ಡ್ ಪ್ಲೇಯರಿನ ಮುಳ್ಳಿನಡಿ ಇಟ್ಟರೆ ತಟ್ಟೆ ಮಾತಾಡುತ್ತದೆ. ಮೊದಲ ಇಪ್ಪತ್ತಮೂರು ಬರೇ ಗೊರಗುಟ್ಟಿದವು. ಇಪ್ಪತ್ತನಾಲ್ಕನೆಯದನ್ನು ಕಾಲೇಜೊಂದರ ಹುಡುಗರು ಒಯ್ದು ತಮ್ಮದೆಂದು ತೋರಿಸಿ ಬಹುಮಾನ ಹೊಡೆದರು. ಫಲಕ ಕೊರೆಸಲು ನಾಚಿಕೆಯಿಲ್ಲದೆ ಇವರ ಬಳಿಗೇ ಬಂದರು! ಕೇಳಿದವರ ಮೈ ಉರಿಯುತ್ತದೆ; ಮುಖೇಶ್ ನಗುತ್ತಾರೆ. "ಅಕ್ಷರ ಚೆಂದ ಬಂದಿತ್ತು."

ಇವತ್ತಿನ ತಟ್ಟೆ ಉಳ್ಳಾಲದ ಬೀಫಾತಿಮ್ಮನವರಿಗೆ. ತೀರಿಹೋದ ಗಂಡ ಅಬ್ದುಲ್ಲ ಹಿಂದೆ ದುಡಿಯಲು ಹೋಗಿದ್ದ ದಮ್ಮಾಮಿನಿಂದ ಸ್ವರ ತುಂಬಿ ಕಳಿಸಿದ ಕ್ಯಾಸೆಟ್ ಅವರಲ್ಲಿದೆ. ಅದನ್ನು ಫೋನಿಗೆ ಹಾಕಿಕೊಟ್ಟರೂ ಕಣ್ಣು ಮಂಜಾಗಿ ಒತ್ತಲಾಗದು. ರೆಕಾರ್ಡ್ ಪ್ಲೇಯರಿನ ಮುಳ್ಳಾದರೆ ತಡವಿ ತಾವೇ ಇಡಬಹುದು. ತಟ್ಟೆಯಲ್ಲಿ ಹಿಡಿಯುವುದು ಒಂದೇ ನಿಮಿಷದ ಮಾತು. ನೆರೆಕರೆಯವರ ಹೆಸರು ಹಿಡಿದು ಹೇಳಿದ ಸಲಾಮುಗಳನ್ನೆಲ್ಲ ಉಳಿಸಿ, ಕೊನೆಯ ಕೆಮ್ಮನ್ನು ಗಲೀಜೆಂದು ಅಳಿಸಿ ಮುಖೇಶ್ ಕಳೆದ ವಾರ ಕೊಟ್ಟಿದ್ದರು. ಅಜ್ಜಿ ಕೇಳಿ ತಟ್ಟೆ ವಾಪಸು ಕೊಟ್ಟರು.

"ಎಲ್ಲರಿಗೂ ಸಲಾಂ ಉಂಟು. ನನ್ನದೆಲ್ಲಿ ಮೋನೆ?" ಮಗನನ್ನು ಕೇಳುವ ಹಾಗೆ ಕೇಳಿದರು.

"ನಿಮ್ಮ ಹೆಸರು ಕ್ಯಾಸೆಟಿನಲ್ಲೇ ಇಲ್ಲ ಉಮ್ಮ."

"ಇಡೀ ಕೇರಿ ಕೂತು ಕೇಳುವಾಗ ಹೆಂಡತಿಯ ಹೆಸರು ಹೇಳ್ಲಿಕ್ಕುಂಟಾ? ಆ ಕೆಮ್ಮು ಎಂತ ಅಂತ ಮಾಡಿದ್ದಿ? ಅದು ನನಗೆ."

ಹಾಗಾಗಿ ಇವತ್ತು ಮತ್ತೆ ಕೊರೆತ, ಕೆಮ್ಮು ಸಮೇತ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಸ್ಸು ಹತ್ತಿ ಮುಖೇಶ್ ಉಳ್ಳಾಲಕ್ಕೆ ಒಯ್ಯುತ್ತಾರೆ, ಜೊತೆಗೆ ನಾನೂ. ಬೀಫಾತಿಮ್ಮ ಮುಳ್ಳು ಇಡುತ್ತಾರೆ. ಹೆಸರುಗಳು ಬಾವಿಯೊಳಗಿಂದ ಬಂದಂತೆ ಮಸುಕು. ಮುಳ್ಳು ಕೊನೆಯ ಸುತ್ತಿಗೆ ಬರುತ್ತದೆ. ಆಮೇಲೆ ಕೆಮ್ಮು, ಪಕ್ಕದ ಕೋಣೆಯಿಂದಲೇ ಎಂಬಷ್ಟು ಸ್ಪಷ್ಟ.

"ಹ್ಞಾಂ, ಕೇಳಿತು," ಎನ್ನುತ್ತಾರೆ ಅಜ್ಜಿ, ಮುಖೇಶರಿಗಲ್ಲ. ಬೆರಳಿನಲ್ಲಿ ಗೆರೆಗಳ ಒಳಗಿನ ಅಂಚು ಹುಡುಕಿ ಮುಳ್ಳನ್ನು ನೇರ ಕೊನೆಯಲ್ಲೇ ಇಡುತ್ತಾರೆ. ಮತ್ತೆ. ಮತ್ತೊಮ್ಮೆ.

"ಹೀಗಾದರೆ ಆ ಜಾಗ ಬೇಗ ಸವೆದುಹೋಗ್ತದೆ," ಮುಖೇಶ್ ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳುತ್ತಾರೆ. "ಸವೆಯಲಿ. ಇನ್ನೊಂದು ಕೊರೆದು ಕೊಡ್ತೇನೆ."