ಭೂತಗನ್ನಡಿಯವರ ಗಾಡಿಯ ಹೊಗೆ

ಟ್ಯಾಕ್ಸಿ ಸ್ಟ್ಯಾಂಡಿನವರು ಅವರಿಗೆ ಭೂತಗನ್ನಡಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಚಹಾದ ಲೋಟವನ್ನು ಬೆಳಕಿಗೆ ಹಿಡಿದು ನೋಡದೆ ತುಟಿಗಿಟ್ಟ ಮನುಷ್ಯನೇ ಅಲ್ಲ ಅದು. ಗಡಿಯಾರ ನೋಡಿದ ಮೇಲೂ ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಟೈಮು ಕೇಳುತ್ತಿದ್ದರು. ಆ ದಾರಿಹೋಕ ತಟ್ಟನೆ ಉತ್ತರ ಕೊಟ್ಟನೋ, "ಇಷ್ಟು ಬೇಗ ಹೇಳಿದನಲ್ಲ, ಏನೋ ಇದೆ" ಎಂದು ಮತ್ತೊಬ್ಬರನ್ನು ಹಿಡಿಯುತ್ತಿದ್ದರು. ಒಬ್ಬಳೇ ಮಗಳ ಮದುವೆಯಲ್ಲಿ ನೆಂಟರೆಲ್ಲ ಸಾಲಾಗಿ ನಗುಮುಖ ಮಾಡಿ ನಿಂತಿದ್ದಾಗ, ಇವರು ಸಾಲು ಬಿಟ್ಟು ಫೋಟೋದವನ ಹತ್ತಿರ ಹೋಗಿ, "ಒಳಗೆ ರೀಲು ಹಾಕಿದ್ದೀಯ ತಾನೇ?" ಎಂದು ಕೇಳಿ ಬಂದಿದ್ದರು. ಆ ಫೋಟೋದಲ್ಲಿ ಎಲ್ಲರೂ ಮುಂದೆ ನೋಡುತ್ತಿದ್ದಾರೆ. ಹೆಣ್ಣಿನ ತಂದೆಯ ಓರೆಗಣ್ಣು ಮಾತ್ರ ಮದುಮಗನ ಮೇಲಿದೆ.

ಮದುಮಗ ಮೆಕ್ಯಾನಿಕ್. ಅನುಮಾನಕ್ಕೆ ಅಷ್ಟು ಸಾಕಾಗಿತ್ತು.

"ಮೆಕ್ಯಾನಿಕ್ಕೂ ಬೆಕ್ಕೂ ಒಂದೇ ಜಾತಿ" ಎಂದು ಹೆಂಡತಿಗೆ ಹೇಳುತ್ತಿದ್ದರು. "ನಮ್ಮ ಒಳ್ಳೇ ಪಾರ್ಟು ಬಿಚ್ಕೊಂಡು ಹಳೇದನ್ನ ಸಿಕ್ಕಿಸೋವಾಗ ಮುಖ ನೋಡ್ಬೇಕು, ಹಾಲು ಕುಡಿಯೋ ಬೆಕ್ಕಿನ ಹಾಗೇ ಇರುತ್ತೆ."

ಹೀಗಾಗಿ ಅಳಿಯನ ಗ್ಯಾರೇಜು ಎರಡು ಬೀದಿ ಆಚೆಯೇ ಇದ್ದರೂ ಗಾಡಿಯನ್ನು ಅಲ್ಲಿಗೆ ಒಯ್ದವರಲ್ಲ. ಗಾಡಿ ಎಂದರೆ ಹಳೆಯ ಡೀಸೆಲ್ ಕಾರು. ಬಾಗಿಲು ಹಾಕಿದರೆ ಕಬ್ಬಿಣದ ಪೆಟ್ಟಿಗೆ ಮುಚ್ಚಿದ ಸದ್ದು. ರಕ್ತ ಶುದ್ಧಿ ಮಾಡಿಸಿಕೊಳ್ಳುವ ಕಿಡ್ನಿ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಕಾಯುವುದು, ವಾಪಸು ಮನೆಗೆ ಬಿಡುವುದು, ಇದೇ ಅವರ ಕೆಲಸ. ಗಾಡಿ ಇದ್ದರೆ ಅನ್ನ, ಇಲ್ಲದಿದ್ದರೆ ಇಲ್ಲ. ಆಸ್ಪತ್ರೆಯ ಮುಂದೆ ಎಷ್ಟು ಹೊತ್ತು ನಿಂತರೂ ಇಂಜಿನ್ ಆರಿಸುತ್ತಿರಲಿಲ್ಲ. ಆರಿಸಿದ ಮೇಲೆ ಅದು ಮತ್ತೆ ಹೊತ್ತಿಕೊಳ್ಳುತ್ತದೆಂದು ಯಾರು ಬರೆದುಕೊಟ್ಟಿದ್ದಾರೆ?

ಅಂಥ ಗಾಡಿಗೆ ಈಗ ಹೊಗೆ ಶುರುವಾಗಿತ್ತು. ಸೇತುವೆಯ ಏರು ಹತ್ತುವಾಗ ದಮ್ಮು ಹಿಡಿದ ಮುದುಕನ ಹಾಗೆ ಏದುಸಿರು ಬಿಡುತ್ತಿತ್ತು, ಆಕ್ಸಿಲರೇಟರ್ ಒತ್ತಿದರೆ ಹಿಂದೆ ಕರೀ ಮೋಡ. ಆಸ್ಪತ್ರೆಗೆ ಹೊರಟ ಹಿಂದಿನ ಸೀಟಿನ ಟೀಚರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇದೇನ್ರೀ, ಗಾಡಿನೋ ಒಲೆನೋ?" ಎಂದು ಕೇಳಿದ್ದೂ ಆಯಿತು.

ಹೊಗೆ ಟೆಸ್ಟಿನಲ್ಲಿ ಗಾಡಿ ಫೇಲಾಯಿತು. ಟೆಸ್ಟ್ ಮಾಡುವ ಸಾಹೇಬರು ಸೈಲೆನ್ಸರಿನೊಳಗೆ ಕೊಳವೆ ತೂರಿಸಿ, ಇಂಜಿನ್ ಜೋರು ಮಾಡಿಸಿ, ಕೆಮ್ಮುತ್ತಾ ಹಿಂದಕ್ಕೆ ಸರಿದರು. "ಒಂದು ವಾರ ಟೈಮು ಕೊಡ್ತೀನಿ. ಸರಿ ಮಾಡಿಸ್ಕೊಂಡು ಬನ್ನಿ. ಇನ್ನೊಂದ್ಸಲ ಫೇಲಾದ್ರೆ ಇದು ರಸ್ತೆಗೆ ಇಳಿಯೋ ಹಾಗಿಲ್ಲ. ಸೀದಾ ಗುಜರಿಗೇ."

ಭೂತಗನ್ನಡಿಯವರು ಮೊದಲು ಡೀಸೆಲ್ ಬಂಕಿನವನನ್ನು ಅನುಮಾನಿಸಿ ಬಂಕು ಬದಲಿಸಿದರು. ಆಮೇಲೆ ಏರ್ ಫಿಲ್ಟರ್ ಮಾರಿದವನನ್ನು ಅನುಮಾನಿಸಿ ಫಿಲ್ಟರ್ ಬದಲಿಸಿದರು. ರಾತ್ರಿ ಗಾಡಿಯನ್ನು ಯಾರಾದರೂ ಮುಟ್ಟುತ್ತಾರೋ ಎಂದು ಬಾನೆಟ್ಟಿನ ಸಂದಿಗೆ ದಾರ ಕಟ್ಟಿಟ್ಟರು. ದಾರ ಹರಿಯಲಿಲ್ಲ, ಹೊಗೆ ನಿಲ್ಲಲಿಲ್ಲ.

"ಇರೋ ಮೆಕ್ಯಾನಿಕ್‌ಗಳನ್ನೆಲ್ಲ ಕಳ್ಳರು ಅಂದಾಯ್ತು" ಎಂದಳು ಹೆಂಡತಿ. "ಉಳಿದಿರೋದು ಅಳಿಯ ಒಬ್ಬ. ಅವನೂ ಕಳ್ಳನೇ ಅಂತ ಇಟ್ಕೊಳ್ಳಿ. ಕದ್ದಿದ್ದು ಮಗಳ ಮನೆಗೇ ತಾನೇ ಹೋಗೋದು?"

ಈ ಮಾತು ಅವರಿಗೆ ಹಿಡಿಸಿತು. ಆದರೂ ಬರಿಗೈಯಲ್ಲಿ ಹೋಗಲಿಲ್ಲ. ಮಗಳು ತವರಲ್ಲಿ ಬಿಟ್ಟುಹೋಗಿದ್ದ ಉಗುರಿನ ಬಣ್ಣದ ಸೀಸೆ ಹುಡುಕಿ, ಬಾನೆಟ್ ಎತ್ತಿ, ಕೈಗೆಟುಕಿದ ಒಂದೊಂದು ಪಾರ್ಟಿನ ಮೇಲೂ ಒಂದೊಂದು ಕೆಂಪು ಚುಕ್ಕೆ ಇಟ್ಟರು. ಒಂದೇ ಒಂದು ಅದಲು ಬದಲಾದರೂ ಸಿಕ್ಕಿಬೀಳಬೇಕು!

ಅಳಿಯನ ಗ್ಯಾರೇಜು ಒಂದೇ ಅಂಕಣದ್ದು, ಮೇಲೆ ಮನೆ. ಗೋಡೆಗೆ ಸ್ಪ್ಯಾನರ್‌ಗಳು ದೊಡ್ಡದರಿಂದ ಚಿಕ್ಕದಕ್ಕೆ ತೂಗುಬಿದ್ದಿದ್ದವು. ಮಾವ ಬಂದದ್ದು ನೋಡಿ ಅಳಿಯನಿಗೆ ಎಷ್ಟು ಆಶ್ಚರ್ಯವಾಯಿತೆಂದರೆ, ಕೈ ಒರೆಸಿಕೊಳ್ಳಲು ಹೋಗಿ ಮುಖ ಒರೆಸಿಕೊಂಡ. ಭೂತಗನ್ನಡಿಯವರು ಸ್ಟೂಲು ಎಳೆದುಕೊಂಡು ಬಾನೆಟ್ಟಿನ ಎದುರೇ ಕೂತರು.

"ಶುರು ಮಾಡಪ್ಪ. ನಾನು ಸುಮ್ನೆ ನೋಡ್ತಿರ್ತೀನಿ."

ಅಳಿಯ ಇಂಜಿನ್ ಹಚ್ಚಿ ಕಿವಿಗೊಟ್ಟ. ಜೋರು ಮಾಡಿದ, ನಿಧಾನ ಮಾಡಿದ. ಇಂಜಿನ್ ಆರಿಸಿ, ಒಂದು ಸಣ್ಣ ರಬ್ಬರ್ ಟ್ಯೂಬು ಕಿತ್ತು, ಒರೆಸಿ, ಬಾಯಲ್ಲಿಟ್ಟು ಗಾಳಿ ಎಳೆದು ನೋಡಿದ.

"ಅದ್ಯಾಕೆ ಚೀಪ್ತಿದೀಯ?"

"ಟ್ಯೂಬು ತೂತಾಗಿದ್ಯಾ ಅಂತ ನೋಡ್ದೆ ಮಾವ. ಇದು ಸರಿಯಿದೆ. ಇಜಿಆರ್ ವಾಲ್ವು ಕಚ್ಕೊಂಡಿರ್ಬೇಕು. ತೆರ್ಕೊಂಡಿದೆ, ಮುಚ್ಚೋದೇ ಇಲ್ಲ."

"ಏನದು?"

"ಇಂಜಿನ್ ಬಿಟ್ಟ ಹೊಗೆಲಿ ಒಂಚೂರನ್ನ ಮತ್ತೆ ಇಂಜಿನ್ನಿಗೇ ಕಳಿಸೋ ಬಾಗಿಲು. ಬೇಕಾದಾಗ ತೆರೀಬೇಕು, ಬೇಡದಾಗ ಮುಚ್ಚಬೇಕು. ಇದು ಯಾವಾಗ್ಲೂ ತೆರೆದೇ ಇದ್ರೆ ಇಂಜಿನ್‌ಗೆ ಒಳ್ಳೇ ಗಾಳಿ ಸಿಗಲ್ಲ. ಅದಕ್ಕೇ ದಮ್ಮು, ಅದಕ್ಕೇ ಕರೀ ಹೊಗೆ."

ಭೂತಗನ್ನಡಿಯವರ ಹುಬ್ಬು ಹಣೆಗೇರಿತು. "ಉಗುಳಿದ್ದನ್ನ ಯಾರಾದ್ರೂ ವಾಪಸ್ ನುಂಗ್ತಾರೇನೋ?"

"ಗಾಡಿ ನುಂಗುತ್ತೆ ಮಾವ. ಮಾಡಿದೋರು ಹಾಗೇ ಮಾಡಿದ್ದಾರೆ. ಹೊರಗಡೆ ಗಾಳಿ ಕೆಡಬಾರದು ಅಂತ."

ಮಾಡಿದವರ ಮೇಲೂ ಅವರಿಗೆ ಆ ಕ್ಷಣದಿಂದ ಅನುಮಾನ ಹುಟ್ಟಿತು.

ವಾಲ್ವು ಬಿಚ್ಚಿದಾಗ ಒಳಗೆ ಮಸಿ ಡಾಂಬರಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಬೆರಳು ತೂರುವಷ್ಟು ದಾರಿಯಲ್ಲಿ ಪೆನ್ಸಿಲೂ ಹೋಗದು. ಅಳಿಯ ಮರದ ಕಡ್ಡಿಯಿಂದ ಕೆರೆಯುತ್ತಾ ಕೇಳಿದ, "ಆಸ್ಪತ್ರೆ ಮುಂದೆ ಇಂಜಿನ್ ಆರಿಸ್ತೀರಾ ಮಾವ?"

"ಆರಿಸಿ? ಆಮೇಲೆ ಹೊತ್ಕೊಳ್ದೆ ಇದ್ರೆ ನೀನು ಬಂದು ತಳ್ತೀಯಾ?"

"ಹಾಗೆ ನಿಂತಲ್ಲೇ ಗುರುಗುರು ಅಂತಿದ್ರೆ ಮಸಿ ಕಟ್ಟೋದೇ. ರಸ್ತೆಲೂ ನೀವು ಗಾಡಿನ ತೊಟ್ಟಿಲು ತೂಗಿದ ಹಾಗೆ ಓಡಿಸ್ತೀರ. ಅದಕ್ಕೆ ಒಂದು ದಿನವೂ ಮೈ ಬಿಸಿ ಆಗಿಲ್ಲ."

ತಪ್ಪು ತನ್ನ ತಲೆಗೇ ಕಟ್ಟುತ್ತಿದ್ದಾನಲ್ಲ, ಎಂದುಕೊಂಡರು ಭೂತಗನ್ನಡಿ. ಅಷ್ಟರಲ್ಲಿ ಟೀಚರಮ್ಮನ ಫೋನು ಬಂತು. ಗ್ಯಾರೇಜಿನಲ್ಲಿ ಮಾತು ಸರಿಯಾಗಿ ಕೇಳಿಸದೆ ಹೊರಗೆ ಹೋಗಿ, ಮುಂದಿನ ಸಲ ಗಾಡಿ ಬಂದೇ ಬರುತ್ತದೆಂದು ಒಪ್ಪಿಸಿ ಬರುವ ಹೊತ್ತಿಗೆ ಕೆಲಸ ಮುಗಿದಿತ್ತು. ಹಳೇ ಪೇಪರಿನ ಮೇಲೆ ವಾಲ್ವು ಬೆಳ್ಳಗೆ ಹೊಳೆಯುತ್ತಾ ಕೂತಿತ್ತು. ಅದರ ಮೇಲೆ ಕೆಂಪು ಚುಕ್ಕೆ ಇರಲಿಲ್ಲ.

ಅವರು ಅದನ್ನು ತಿರುಗಿಸಿದರು, ಮಗುಚಿದರು. ಚುಕ್ಕೆ ಎಲ್ಲೂ ಇಲ್ಲ. ನಿಜ ಹೇಳಬೇಕೆಂದರೆ, ಅವರಿಗೆ ಒಂದು ಸಣ್ಣ ಸಮಾಧಾನವೇ ಆಯಿತು. ತಾನು ಅಂದುಕೊಂಡದ್ದೇ ನಿಜವಾಯಿತಲ್ಲ!

"ನನ್ನ ವಾಲ್ವು ಎಲ್ಲಿ?"

"ಇದೇ ಮಾವ."

"ಇದಲ್ಲ. ನನ್ನದಕ್ಕೆ ಗುರುತಿತ್ತು. ಅಳಿಯಂದಿರೇ, ನೀವು ಚಾಪೆ ಕೆಳಗೆ ನುಗ್ಗಿದ್ರೆ ನಾನು ರಂಗೋಲಿ ಕೆಳಗೆ ನುಗ್ಗೋನು. ತೆಗೀರಿ ನನ್ನದನ್ನ ಹೊರಗೆ."

ಅಳಿಯನ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ಮಾತಾಡಿದ್ದು ಮೆಟ್ಟಿಲು ಇಳಿದು ಬರುತ್ತಿದ್ದ ಮಗಳು.

"ಏನು ಗುರುತು ಅಪ್ಪ?"

"ನಿನ್ನ ಉಗುರಿನ ಬಣ್ಣ. ನಾನೇ ಕೈಯಾರೆ ಚುಕ್ಕೆ ಇಟ್ಟಿದ್ದೆ."

ಮಗಳು ಮೇಜಿನ ಮೇಲಿದ್ದ ಮಸಿ ತೊಳೆಯುವ ಸ್ಪ್ರೇ ಡಬ್ಬಿ ತೆಗೆದುಕೊಂಡು, ತನ್ನ ಬಣ್ಣ ಹಚ್ಚಿದ ಹೆಬ್ಬೆರಳಿನ ಉಗುರಿನ ಮೇಲೆ ಪುಸ್ ಎನ್ನಿಸಿದಳು. ಗಂಡನ ಕೈಯಿಂದ ಬಟ್ಟೆ ಕಿತ್ತುಕೊಂಡು ಒರೆಸಿ, ಬೋಳು ಉಗುರನ್ನು ತಂದೆಯ ಕಣ್ಣೆದುರು ಹಿಡಿದಳು.

"ನನ್ನ ಹೆಬ್ಬೆರಳನ್ನೂ ಅದಲು ಬದಲು ಮಾಡಿದ್ರಾ ಇವರು? ಹೇಳು!"

ಭೂತಗನ್ನಡಿಯವರು ವಾಲ್ವನ್ನು ಮೆಲ್ಲಗೆ ಮತ್ತೆ ಪೇಪರಿನ ಮೇಲಿಟ್ಟರು.

"ಈ ಸ್ಟೂಲು ಇರೋದು ಗಿರಾಕಿಗಳಿಗೆ, ಪೊಲೀಸರಿಗಲ್ಲ. ಎದ್ದು ಹೊರಗೆ ಹೋಗು. ಫಿಟ್ ಮಾಡೋವಾಗ ನೀನು ಇಲ್ಲಿರಕೂಡದು" ಎಂದು ಅವಳು ಷಟರನ್ನು ಅರ್ಧ ಎಳೆದೇಬಿಟ್ಟಳು.

ಹೊರಗೆ ಹಳೇ ಟಯರುಗಳ ರಾಶಿಯ ಮೇಲೆ ಅವರು ಕೂತರು. ನಾಚಿಕೆ ಆಗಿತ್ತು. ನಾಚಿಕೆ ಆದವನು ಸುಮ್ಮನೆ ಕೂರಬೇಕು. ಆದರೆ ಕಣ್ಣಿಗೆ ಕೆಲಸ ತಪ್ಪಿದರೆ ಅವರ ಕಿವಿ ಚುರುಕಾಗುತ್ತಿತ್ತು. ಒಳಗಿನಿಂದ ಕರ್ ಕರ್ ಎಂದು ಕತ್ತರಿ ಏನೋ ಕತ್ತರಿಸುವ ಸದ್ದು ಬಂತು. ತಗಡು!

ಸ್ಟ್ಯಾಂಡಿನಲ್ಲಿ ಕೇಳಿದ್ದು ನೆನಪಾಯಿತು. ಹೊಗೆ ಟೆಸ್ಟು ಪಾಸು ಮಾಡಿಸಲು ಕೆಲವರು ಯಾವುದೋ ವಾಲ್ವಿನ ಬಾಯಿಗೆ ತೂತಿಲ್ಲದ ತಗಡು ಇಟ್ಟು ದಾರಿಯನ್ನೇ ಮುಚ್ಚಿಬಿಡುತ್ತಾರಂತೆ. ಆ ವಾಲ್ವು ಇದೇ ಇರಬೇಕು. ಕರೀ ಹೊಗೆ ನಿಲ್ಲುತ್ತದೆ. ಕಣ್ಣಿಗೆ ಕಾಣದ ವಿಷ ಹೆಚ್ಚಾಗುತ್ತದೆ. ಸಿಕ್ಕಿಬಿದ್ದರೆ ಗಾಡಿಯೂ ಹೋಯಿತು, ಹಾಕಿದವನ ಗ್ಯಾರೇಜೂ ಹೋಯಿತು. ಎದ್ದು ಷಟರಿನ ಕೆಳಗೆ ಬಗ್ಗಿ ನೋಡಲೇ ಎಂದುಕೊಂಡರು. ಒಳಗೆ ಮಗಳ ಪಾದ ಕಂಡಿತು. ಮತ್ತೆ ಟಯರಿನ ಮೇಲೆ ಕೂತರು.

ಮಾರನೆಯ ದಿನ ಟೆಸ್ಟಿಗೆ ಅಳಿಯನೂ ಬಂದ. ದಾರಿಯಲ್ಲಿ ಅವನೇ ಓಡಿಸಿದ. ದೊಡ್ಡ ರಸ್ತೆ ಸಿಕ್ಕಿದ್ದೇ ಆಕ್ಸಿಲರೇಟರ್ ಅದುಮಿ ಗಾಡಿಯನ್ನು ಹುಯ್ಯೆಂದು ಬಿಟ್ಟ. ಸೇತುವೆಯ ಏರನ್ನು ಗಾಡಿ ಎಳೆಗರುವಿನ ಹಾಗೆ ಹತ್ತಿತು. ಭೂತಗನ್ನಡಿಯವರು ಮೇಲಿನ ಹಿಡಿಕೆ ಹಿಡಿದುಕೊಂಡು ಹಿಂದಿನ ಕಿಟಕಿಯಲ್ಲಿ ನೋಡಿದರು. ಕರೀ ಮೋಡ ಇರಲಿಲ್ಲ. ಇಷ್ಟು ಚೆನ್ನಾಗಿ ಓಡುತ್ತಿದೆ ಎಂದರೆ ತಗಡೇ ಇರಬೇಕು, ಎಂದುಕೊಂಡರು. ನಿನ್ನೆಯಿಂದ ಮಾವ ಅಳಿಯರ ನಡುವೆ ಒಂದು ಮಾತೂ ಆಗಿರಲಿಲ್ಲ. ಕೇಳುವುದಾದರೂ ಯಾವ ಮುಖದಿಂದ?

ಸಾಹೇಬರು ಕೊಳವೆ ತೂರಿಸಿ ಇಂಜಿನ್ ಜೋರು ಮಾಡಿಸಿದರು. ಮಿಷನ್ನಿನ ಮೇಲಿನ ಅಂಕೆ ನೋಡಿದರು. ಇನ್ನೊಮ್ಮೆ ಮಾಡಿಸಿದರು. ಕನ್ನಡಕ ಮೇಲೆತ್ತಿ ಅಳಿಯನನ್ನು ನೋಡಿದರು.

"ಹೋದ್ಸಲ ಇಟ್ಟಿಗೆ ಗೂಡಿನ ಹಾಗಿತ್ತು. ಈಗ ಹೊಗೆನೇ ಇಲ್ಲ. ತಗಡು ಹಾಕಿದೀಯೇನಪ್ಪ?"

"ಇಲ್ಲ ಸಾರ್. ಬಿಚ್ಚಿ ತೊಳ್ದಿದೀನಿ ಅಷ್ಟೆ."

"ಎಲ್ಲರೂ ಹೇಳೋದು ಅದನ್ನೇ." ಅವರು ಭೂತಗನ್ನಡಿಯವರ ಕಡೆ ತಿರುಗಿದರು. "ಗಾಡಿ ನಿಮ್ದಲ್ವಾ? ಫಿಟ್ ಮಾಡೋವಾಗ ಎದುರಿಗೆ ಇದ್ರಾ?"

"ಇರ್ಲಿಲ್ಲ."

"ಹಂಗಾದ್ರೆ ಕೇಳಿ. ಅನುಮಾನ ಇದ್ರೆ ಈಗ್ಲೇ ವಾಪಸ್ ತಗೊಂಡ್ಹೋಗಿ, ತಗಡು ತೆಗೆಸಿ ಸಂಜೆ ಒಳಗೆ ತನ್ನಿ. ನಾನು ಏನೂ ನೋಡಿಲ್ಲ ಅಂದ್ಕೋತೀನಿ. ಇಲ್ಲಾ, ಇಲ್ಲೇ ಬಿಚ್ಚಿಸ್ತೀನಿ. ಸಿಕ್ತೋ, ಗಾಡಿ ಇಲ್ಲಿಂದ ಗುಜರಿಗೆ, ಇವನ ಗ್ಯಾರೇಜಿಗೆ ಬೀಗ."

ಇಂಥ ಬಾಗಿಲು ಯಾರಾದರೂ ತೆರೆದಿಟ್ಟರೆ ಭೂತಗನ್ನಡಿಯವರು ಯೋಚಿಸುವ ಮೊದಲೇ ಹೊರಗಿರುತ್ತಿದ್ದರು. ವಾಪಸು ಹೋದರೆ ಗಾಡಿ ಉಳಿಯುತ್ತದೆ, ತಗಡು ಇರಲಿ ಇಲ್ಲದಿರಲಿ. ಕಿವಿಯಲ್ಲಿ ಆ ಕರ್ ಕರ್ ಸದ್ದು ಇನ್ನೂ ಇತ್ತು. ಅವರು ಅಳಿಯನ ಕಡೆ ನೋಡಿದರು. ಅಳಿಯ ಅವರ ಕಡೆ ನೋಡುತ್ತಿರಲಿಲ್ಲ. ಕೈಯಲ್ಲಿದ್ದ ಗಾಡಿ ಕೀಲಿಯನ್ನು ಆಗಲೇ ಮಾವನತ್ತ ಅರ್ಧ ಚಾಚಿ, ನೆಲ ನೋಡುತ್ತಾ ನಿಂತಿದ್ದ. ಮಾವ ಏನು ಹೇಳುತ್ತಾರೆಂದು ಅವನಿಗೆ ಗೊತ್ತೇ ಇತ್ತು.

ಅದು ಅವರಿಗೆ ಚುಚ್ಚಿತು. ಜೀವಮಾನವೆಲ್ಲ ಇನ್ನೊಬ್ಬರ ಮುಖ ಓದಿದವರ ಮುಖವನ್ನು ಇವನು ಇಷ್ಟು ಸಲೀಸಾಗಿ ಓದಿ ಮುಗಿಸಿದ್ದಾನೆ!

"ನಾನು ನೋಡಿಲ್ಲ ಸಾರ್" ಎಂದರು. "ಆದ್ರೆ ಅವನು ಹಾಕಿಲ್ಲ."

"ನೋಡ್ದೆ ಹೆಂಗ್ ಹೇಳ್ತೀರಿ?"

"ಅದೆಲ್ಲ ನನಗೆ ಗೊತ್ತಿಲ್ಲ. ಬಿಚ್ಚಿಸಿ."

ಅಳಿಯ ತಲೆಯೆತ್ತಿದ. ಸ್ಪ್ಯಾನರ್ ತೆಗೆದುಕೊಂಡು ಬಾನೆಟ್ಟಿನೊಳಗೆ ಬಗ್ಗಿದ. ಸಾಹೇಬರು ಟಾರ್ಚು ಹಿಡಿದರು. ಭೂತಗನ್ನಡಿಯವರು ಮಾತ್ರ ಗಾಡಿಗೆ ಬೆನ್ನು ಹಾಕಿ, ಎದುರಿನ ಗೋಡೆಯ ಮೇಲಿದ್ದ 'ಇಲ್ಲಿ ಧೂಮಪಾನ ಮಾಡಬಾರದು' ಎಂಬುದನ್ನು ಓದಿದರು. ಮತ್ತೆ ಮೊದಲಿನಿಂದ ಓದಿದರು. ಹಿಂದೆ ಬೋಲ್ಟು ಸಡಿಲವಾದ ಕಿರುಗುಟ್ಟು, ಪೈಪು ಪಕ್ಕಕ್ಕೆ ಸರಿದ ಸದ್ದು.

"ಇದೇನಿದು ಹೊಸ ಹಾಳೆ?" ಎಂದರು ಸಾಹೇಬರು.

ಭೂತಗನ್ನಡಿಯವರು ಗೋಡೆಯ ಬರಹವನ್ನು ಮೂರನೇ ಸಲ ಓದತೊಡಗಿದರು.

"ಗ್ಯಾಸ್ಕೆಟ್ ಸಾರ್. ಹಳೇದು ಹರಿದು ಸಂದಿಲಿ ಹೊಗೆ ಸೋರ್ತಿತ್ತು. ಶೀಟಲ್ಲಿ ಅಳತೆಗೆ ಕತ್ತರಿಸಿ ಹಾಕಿದೀನಿ. ನೋಡಿ, ನಡುವೆ ತೂತು. ಬೆರಳು ಹಾಕಿ ನೋಡಿ."

ಸಾಹೇಬರು ಬೆರಳು ಹಾಕಿ ನೋಡಿದರು. ಟಾರ್ಚು ಬಿಟ್ಟು ನೋಡಿದರು. "ಹ್ಞೂಂ. ದಾರಿ ಬಿಟ್ಟಿದೆ. ಕೆಲಸ ಸರಿ ಮಾಡಿದೀಯ. ಮುಚ್ಚು. ಪಾಸು" ಎಂದು ಒಳಗೆ ನಡೆದರು.

ಅಳಿಯ ಪೈಪನ್ನು ಮತ್ತೆ ಜೋಡಿಸತೊಡಗಿದ. ಭೂತಗನ್ನಡಿಯವರು ಹತ್ತಿರ ಬಂದು, ಬಿಚ್ಚಿಟ್ಟಿದ್ದ ಬೋಲ್ಟುಗಳನ್ನು ಅಂಗೈಯಲ್ಲಿ ಹಿಡಿದು ಒಂದೊಂದಾಗಿ ಕೊಟ್ಟರು. ಕೊನೆಯದನ್ನು ಬಿಗಿ ಮಾಡಿ ಅಳಿಯ ಸ್ಪ್ಯಾನರ್ ತೆಗೆಯುವಾಗ ಅವರಿಗೆ ತಡೆಯಲಾಗಲಿಲ್ಲ.

"ಅದು ಇನ್ನೊಂದು ಸುತ್ತು ಬರುತ್ತೇನೋ."

"ಬರಲ್ಲ ಮಾವ. ತಿರುಗಿಸಿದ್ರೆ ಮುರಿಯುತ್ತೆ."

"ಮುರಿಯುತ್ತೆ ಅಂತ ನೀನು ಹೇಳ್ತೀಯ."

"ಹೌದು, ನಾನೇ ಹೇಳ್ತೀನಿ."

ಭೂತಗನ್ನಡಿಯವರು ಬೋಲ್ಟನ್ನು ನೋಡಿದರು, ಅಳಿಯನನ್ನು ನೋಡಿದರು.

"ಸರಿ ಬಿಡು" ಎಂದರು.