ಸೂಪರ್‌ವೈಸರ್ ಮುಂದೆ ಒಡಪು

ಶನಿವಾರ ಮಧ್ಯಾಹ್ನ ಮಿರಜದಿಂದ ಎಸ್.ಟಿ. ಬಸ್ಸು ಹಿಡಿದು ಸಲಗರೆಗೆ ಹೋಗುವುದು ನನ್ನ ರೂಢಿ. ಅಲ್ಲಿಯ ಹೆಂಗಸರ ಬಚತ ಗಟದವರು, ಅಂದರೆ ಉಳಿತಾಯ ಸಂಘದವರು, ಸಮಾಜ ಮಂದಿರದಲ್ಲಿ ಕೆಲಸ ಹುಡುಕಿಕೊಡುವ ಕೇಂದ್ರವೊಂದನ್ನು ನಡೆಸುತ್ತಾರೆ. ಕುಪವಾಡದ ಯಾವ ಕಾರ್ಖಾನೆಗೆ ಜನ ಬೇಕಾಗಿದ್ದಾರೆ ಎಂದು ಅವರೇ ವಿಚಾರಿಸುತ್ತಾರೆ. ಯಾರ ಮನೆಗೆ ಮೊದಲು ಕೆಲಸ ಬೇಕೆಂಬುದನ್ನೂ ಕೂತು ಅವರೇ ತೀರ್ಮಾನಿಸುತ್ತಾರೆ. ಕಾನ್ವೆಂಟಿನಲ್ಲಿ ಓದಿದವಳೆಂದು ಇಂಟರ್‌ವ್ಯೂ ಪ್ರಾಕ್ಟೀಸ್ ಮಾತ್ರ ನನಗೆ ಒಪ್ಪಿಸಿದ್ದಾರೆ. ನೆಟ್ಟಗೆ ಕೂಡುವುದು, ಮುಖ ನೋಡಿ ಮಾತಾಡುವುದು, ಥ್ಯಾಂಕ್ ಯೂ ಅನ್ನುವುದು. ಸಿಸ್ಟರುಗಳು ನಮಗೆ ಕಲಿಸಿದ್ದನ್ನೇ ನಾನು ಇವರಿಗೆ ಕಲಿಸುತ್ತೇನೆ. ಇವರಿಗೆಲ್ಲ ನಾನು ಮಾವಶಿ, ಅಂದರೆ ಚಿಕ್ಕಮ್ಮ.

ಕಳೆದ ಚಳಿಗಾಲದ ಒಂದು ಶನಿವಾರ ಗಟದವರು ಒಬ್ಬಾಕೆಯನ್ನು ಪ್ಯಾಕಿಂಗ್ ಕೆಲಸಕ್ಕೆ ಕಳಿಸಿದರು. ಗೌಂಡಿ ಕೆಲಸದ ಗಂಡ ಬಿದ್ದು ಸೊಂಟ ಮುರಿದುಕೊಂಡಿದ್ದ. ಮನೆ ಇನ್ನು ಆಕೆಯ ದುಡಿಮೆಯಲ್ಲೇ ನಡೆಯಬೇಕಿತ್ತು. ಸಂಜೆಯೊಳಗೆ ಆಕೆ ಕೆಲಸವಿಲ್ಲದೆ ಮರಳಿದಳು. ಸೂಪರ್‌ವೈಸರ್ ಪೂರ್ತಿ ಹೆಸರು ಕೇಳಿದ್ದ. ನಮ್ಮ ಈ ಕಡೆ ಪೂರ್ತಿ ಹೆಸರೆಂದರೆ ನಡುವೆ ಗಂಡನ ಹೆಸರು ಬರಲೇಬೇಕು. ಈಕೆ ತನ್ನದು ಹೇಳಿ, ಅಡ್ಡಹೆಸರು ಹೇಳಿ, ನಡುವಿನದು ಕೇಳಿದಾಗ ನೆಲ ನೋಡುತ್ತ ನಿಂತಳಂತೆ. ಆಧಾರ್ ಕಾರ್ಡಿನ ಫೋಟೋ ಬೇರೆ ಹಳೆಯದು. ಕಾರ್ಡು ಇನ್ಯಾರದೋ ಇರಬೇಕೆಂದು ಆತ ವಾಪಸ್ ಕಳಿಸಿದ್ದ.

“ಹೆಸರ ಹೇಳೂದಷ್ಟ, ಸಿಂಪಲ್,” ಎಂದೆ ನಾನು.

“ಗಂಡನ ಹೆಸರ ಬಾಯಾಗ ತಂದ್ರ ಅವರ ಆಯುಷ್ಯ ಕಡಿಮಿ ಆಗತೈತಂತ, ಮಾವಶಿ. ಮೊದಲ ಸೊಂಟ ಹೋಗೇತಿ. ಇನ್ನೇನ ಕಳಕೊಳ್ಳಲಿ ನಾ?”

“ಜಗಳಾಡೂಮುಂದ ಏನಂತ ಕರೀತಿ?” ಗಟದ ಅಧ್ಯಕ್ಷೆ ಕೇಳಿದಳು.

“ಅದಕ್ಕ ಹೆಸರ ಯಾಕ ಬೇಕ್ರಿ? ಮನ್ಯಾಗ ಇರಾವ್ರು ಅವರೊಬ್ಬರ.”

ಎಲ್ಲರೂ ನಕ್ಕರು. ಆಮೇಲೆ ಅಧ್ಯಕ್ಷೆ, “ಒಡಪಿನ್ಯಾಗ ಹೇಳಿದ್ರ ದೋಷ ಇಲ್ಲಲ್ಲ. ಮದಿವ್ಯಾಗ ಹೇಳಿಲ್ಲೇನ ನೀ?” ಎಂದಳು.

ಗಂಡನ ಹೆಸರನ್ನು ಪ್ರಾಸದ ಸಾಲಿನೊಳಗೆ ಸೇರಿಸಿ ಹೇಳುವ ಒಡಪಿಗೆ ಮಾತ್ರ ಆ ಭಯವಿಲ್ಲ. ಮದುವೆಯ ಒಡಪು ಕಾರ್ಖಾನೆಗೆ ಹೊಂದದೆಂದು ಎಲ್ಲರೂ ಕೂಡಿ ಹೊಸದು ಕಟ್ಟಿದರು. ನಾನು ನಮ್ಮ ಎಲೊಕ್ಯೂಷನ್ ಕ್ಲಾಸಿನ ರೀತಿಯಲ್ಲಿ ಮತ್ತೆ ಮತ್ತೆ ಹೇಳಿಸಿದೆ.

ಸೋಮವಾರ ಆಕೆ, ಅಧ್ಯಕ್ಷೆ, ನಾನು ಕುಪವಾಡಕ್ಕೆ ಹೋದೆವು. ಅಧ್ಯಕ್ಷೆ ಸೂಪರ್‌ವೈಸರನಿಗೆ ಮರಾಠಿಯಲ್ಲಿ ಎಲ್ಲ ಬಿಡಿಸಿ ಹೇಳಿದಳು. ಆತ ಕಾರ್ಡು ಕೈಗೆ ತೆಗೆದುಕೊಂಡು, ಮದುವೆ ಮನೆಯ ಹಿರಿಯನಂತೆ ಕುರ್ಚಿಗೆ ಒರಗಿ, “ಘ್ಯಾ, ನಾವ ಘ್ಯಾ,” ಎಂದ. ಹೆಸರು ಹೇಳಿರಿ ಎಂದು.

“ಸಲಗರಿ ದ್ರಾಕ್ಷಿ ಸಾಂಗ್ಲಿ ಪ್ಯಾಟಿಗೆ,” ಎಂದಳು ಆಕೆ ಸೆರಗು ಸರಿಮಾಡಿಕೊಂಡು. ಆಮೇಲೆ ಗಂಡನ ಹೆಸರು ಬಂತು; ಅದನ್ನು ಇಲ್ಲಿ ಬರೆಯುವ ಹಕ್ಕು ನನಗಿಲ್ಲ. “ಅವರ ಹೆಸರ ಹೇಳತೀನಿ ನಮ್ಮ ಮನಿ ರೊಟ್ಟಿಗೆ.”

ಆತನಿಗೆ ಕನ್ನಡ ಬರದು. ಹೆಸರು ಮಾತ್ರ ಕಾರ್ಡಿನದಕ್ಕೆ ಸರಿಹೋಯಿತು. ನಾಳೆಯಿಂದ ಬರಲು ಹೇಳಿದ.

ಈಗ ಆಕೆ ರಜೆಯ ದಿನ ಬಂದು ಹೊಸಬರಿಗೆ ಒಡಪು ಕಟ್ಟಿಕೊಡುತ್ತಾಳೆ. ಮೊನ್ನೆ ನನ್ನತ್ತ ತಿರುಗಿ, “ನಿಮ್ಮದೂ ಒಂದ ಆಗ್ಲಿ, ಮಾವಶಿ,” ಎಂದಳು. ಮದುವೆಯಾದಾಗಿನಿಂದ ನಮ್ಮವರನ್ನು ಹೆಸರು ಹಿಡಿದೇ ಕರೆದವಳು ನಾನು. ಆ ಕಾಲಕ್ಕೆ ವೆರಿ ಮಾಡರ್ನ್. ನೆಟ್ಟಗೆ ಕೂತು ಸ್ಪಷ್ಟವಾಗಿ ಹೆಸರು ಹೇಳಿದೆ. ಉಳಿದ ಸಾಲಿಗಾಗಿ ಅವರೆಲ್ಲ ಕಾಯುತ್ತ ಕೂತರು.