ಪಾಪವಿಲ್ಲದ ರಬ್ಬರ್ ಮೀನು

'...ಗಾಳಕ್ಕೆ ಹುಳ ಬೇಡ ಪುಟ್ಟಿ, ಪಾಪ ಬರುತ್ತೆ' ಎಂದೇ ಅಲ್ಲವೇ ಅಪ್ಪ ಹೇಳಿದ್ದು? ಮೆಕಿನ್ನಿ ಎಂಬ ಊರಿನ ಅಂಗಡಿಯೊಂದರಲ್ಲಿ ಗಾಳಕ್ಕೆ ಸಿಕ್ಕಿಸುವ ರಬ್ಬರ್ ಮೀನುಗಳ ವಾಸನೆ ಮೂಗಿಗೆ ಬಡಿದಾಗ ಆ ಮಾತು ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಅಪ್ಪನೂ ನಾನೂ ಮೊದಲ ಸಲ ಸ್ಟ್ರೈಪ್ಡ್ ಬಾಸ್ ಎಂಬ ಪಟ್ಟೆ ಮೀನು ಹಿಡಿಯಲು ಹೊರಟಿದ್ದೆವು. ಸಸ್ಯಾಹಾರಿ ಅಪ್ಪ, ಜೀವವಿಲ್ಲದ್ದನ್ನೇ ಆರಿಸು ಎಂದರು. ಬಿಳಿ ರಬ್ಬರ್ ಮೀನನ್ನು ಆರಿಸಿದೆ. ಬಾಸ್ ಅದನ್ನೇ ಕಚ್ಚಿತು. ಅಪ್ಪ ಆ ಬಾಸನ್ನು ಎತ್ತಿ ಹಿಡಿದು ಬಿಸಿಲಿನಲ್ಲಿ ಬಗೆಬಗೆಯ ಫೋಟೊ ತೆಗೆಸಿಕೊಂಡು, ನೀರಿಗೆ ಬಿಟ್ಟರು. ಅದು ಹೊಟ್ಟೆ ಮೇಲಾಗಿ ತೇಲಿತು.

'ಸತ್ತೋಯ್ತು ಅಪ್ಪ!'

'ನಾವೇನು ತಿಂದ್ವಾ? ಬಿಟ್ವಲ್ಲ. ಸುಮ್ನೆ ಅಳಬೇಡ' ಎಂದು ಕರ್ಚೀಫಿಗೆ ಕೈ ಒರೆಸಿಕೊಂಡರು.

ಆರಿಸಿದವಳು ನಾನು, ಹಾಗಾಗಿ ಕೊಂದವಳೂ ನಾನೇ ಅನ್ನಿಸಿತ್ತು. ಅಪ್ಪನ ಮೇಲಿನ ಆ ಸಿಟ್ಟು ಇನ್ನೂ ಆರಿಲ್ಲ.

ಇತ್ತ, ಹೊಸಬರಿಗೆ ಯಾವ ರಬ್ಬರ್ ಮೀನು ಒಳ್ಳೆಯದೆಂದು ಅಂಗಡಿಯವನು ವಿವರಿಸುತ್ತಲೇ ಇದ್ದ. ನಾನು ಹೊರಬಂದೆ. ಅಪ್ಪ ಈಗಿಲ್ಲ. ಅಪ್ಪಾ, ಅವತ್ತು ಒಂದೇ ಒಂದು ಸಲ 'ತಪ್ಪಾಯ್ತು' ಅಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?